ಎಡಗಾಲಿನ ಎಣ್ಣೆ

ಅಂದುಂಞಿ ಬಿಳಿ ಪಿಂಗಾಣಿಯ ಮೇಲೆ ಎರಡು ಹನಿ ಬಿಟ್ಟ.
ಒಂದು ಹೊಸತು, ದಾಸವಾಳದ ಕೆಂಪು.
ಇನ್ನೊಂದು ನನ್ನ ಕಾರಿನದು,
ಮೂರು ಸಲ ಕುದಿಸಿದ ಚಹಾದ ಹಾಗೆ.
ಮೂಸಿ ನೋಡಿ ಸಿಸ್ಟರ್, ಎಂದ.
ಸುಟ್ಟ ವಾಸನೆ.

ನನಗೆ ಕ್ಲಚ್ ಒತ್ತುವ ಕಾಲಿಲ್ಲ.
ಉಂಟು, ಆದರೆ ಮೂರನೇ ವರ್ಷದ ಜ್ವರದಲ್ಲಿ
ಬೆಳೆಯುವುದನ್ನು ಮರೆತು ಕೂತಿದೆ.
ತಾನಾಗಿ ಬೀಳುವ ಈ ಗೇರುಪೆಟ್ಟಿಗೆಯೇ
ಹನ್ನೊಂದು ವರ್ಷದಿಂದ ನನ್ನ ಎಡಗಾಲು.
ಮುಳ್ಳೇರಿಯದಿಂದ ನಾಲ್ಕೂವರೆಗೆ ಹೊರಟು
ಕಾಸರಗೋಡಿನಲ್ಲಿ ಒಂಬತ್ತು ಯಂತ್ರಗಳ ಕೊಳವೆ ತೊಳೆದು
ಆರಕ್ಕೆ ಮೊದಲ ಸೂಜಿ ಚುಚ್ಚಬೇಕು.

ಚೆರ್ಕಳದಲ್ಲಿ ಹೆದ್ದಾರಿ ಅಗೆದು ಎಷ್ಟು ಕಾಲವಾಯಿತೋ.
ಲಾರಿಯ ಬೆನ್ನಿಗೆ ಲಾರಿ. ಇಂಚಿಂಚು ತೆವಳಿ
ಕಾಲು ಕಾದಿತ್ತು. ಒಳಗಿನ ಬಿಲ್ಲೆಗಳು ಉಜ್ಜಿ ಉಜ್ಜಿ
ಧೂಳಾಗಿ ಅದೇ ಎಣ್ಣೆಯಲ್ಲಿ ಸುತ್ತುತ್ತಿದ್ದವು.
ಎರಡರಿಂದ ಮೂರಕ್ಕೆ ಏರುವಾಗ ಒಂದು ತಡವರಿಕೆ,
ಎದುರಿಗಿದ್ದವರ ಹೆಸರು ನೆನಪಾಗದ ಹಾಗೆ.

ಕಂಪೆನಿಯ ಪುಸ್ತಕ ತೋರಿಸಿದೆ.
ಎಣ್ಣೆ ಆಯುಷ್ಯಪೂರ್ತಿ ಬದಲಿಸಬೇಕಾಗಿಲ್ಲ ಎಂದಿತ್ತು.
ಯಾರ ಆಯುಷ್ಯ? ಎಂದು ಕೇಳಿದ.
ತಳದ ತಟ್ಟೆ ಬಿಚ್ಚಿ ಅಯಸ್ಕಾಂತ ತೆಗೆದು ಅಂಗೈಗಿಟ್ಟ.
ಅದಕ್ಕೆ ಕಪ್ಪು ಮೀಸೆ ಬಂದಿತ್ತು.

ಒಂದು ಕೆಲಸ ಉಂಟು, ಫುಜೈರಾದಲ್ಲಿ ಟ್ಯಾಕ್ಸಿಗಳಿಗೆ ಮಾಡುತ್ತಿದ್ದೆ.
ಇದರದ್ದು ಬರೀ ಜಾಲರಿ. ಕಲ್ಲು ಹಿಡಿಯುತ್ತದೆ, ಹಿಟ್ಟು ಬಿಡುತ್ತದೆ.
ನಯದ ಫಿಲ್ಟರು ದಾರಿಗೆ ಅಡ್ಡ ಇಟ್ಟಿರೋ,
ಎಣ್ಣೆಗೆ ಉಸಿರು ಕಟ್ಟಿ ಗೇರು ಸಾಯುತ್ತದೆ.
ಅಡ್ಡ ಅಲ್ಲ, ಪಕ್ಕಕ್ಕೆ ಇಡಬೇಕು.
ತಣಿಯಲು ಹೋಗುವ ಕೊಳವೆಯಲ್ಲಿ ಒಂದು ಕವಲು,
ಕವಲಿನ ಬಾಯಿಗೆ ದಬ್ಬಣದ ಮೊನೆಯಷ್ಟು ತೂತು.
ಹತ್ತರಲ್ಲಿ ಒಂದು ಪಾಲು ಈ ಕಡೆ ಬರಲಿ,
ಬಿಗಿದು ಸುತ್ತಿದ ಕಾಗದದ ನಡುವೆ ನಿಧಾನಕ್ಕೆ ಇಳಿದು
ಮನೆಗೆ ಹೋಗಲಿ. ಉಳಿದದ್ದು ಅದರ ಪಾಡಿಗೆ ಓಡಲಿ.
ಒಂದೇ ಸಲಕ್ಕೆ ಅಲ್ಲ. ಸುತ್ತಿ ಸುತ್ತಿ ಬರುವಾಗ
ಪ್ರತಿ ಹನಿಗೂ ಸರದಿ ಸಿಗುತ್ತದೆ. ಗೊತ್ತಾಯಿತಾ?

ನಗು ಬಂತು.
ನನಗೆ ಸಂಬಳ ಕೊಡುವುದೇ ಇದಕ್ಕೆ ಮಾರಾಯಾ.
ಹೃದಯ ನಿಲ್ಲಿಸಿ ರಕ್ತ ತೊಳೆಯಲಾಗುತ್ತದಾ?
ತೋಳಿನಿಂದ ಒಂದು ಕವಲು, ನಾಲ್ಕು ತಾಸು,
ವಾರಕ್ಕೆ ಮೂರು ಸಲ.
ಬೀಪಾತುಮ್ಮ ಕೊಳವೆಯ ಕಡೆ ನೋಡುವುದಿಲ್ಲ,
ಗೋಡೆ ನೋಡುತ್ತ ಸೊಸೆಯನ್ನು ಬೈಯುತ್ತಾರೆ.
ಸಂಕಪ್ಪ ರೈಗಳು ನಿದ್ದೆ ಹೋಗುತ್ತಾರೆ, ಕನ್ನಡಕ ತೆಗೆಯದೆ.
ಕೂಡ್ಲಿನ ಟೈಲರ್ ಚನಿಯಪ್ಪ ಲೆಕ್ಕ ಇಡುತ್ತಿದ್ದ,
ಇವತ್ತಿಗೆ ಆರುನೂರ ಹನ್ನೆರಡು, ಎಂದಿದ್ದ.
ಹದಿಮೂರಕ್ಕೆ ಬರಲಿಲ್ಲ.

ಸವೆದ ಬಿಲ್ಲೆ ಇದರಿಂದ ಸರಿಯಾಗುತ್ತದಾ?
ಇಲ್ಲ. ಸವೆದದ್ದು ಸವೆದದ್ದೇ.
ಧೂಳು ಇನ್ನಷ್ಟು ಸವೆಸದ ಹಾಗೆ ನೋಡಿಕೊಳ್ಳಬಹುದು.
ಅವನ ದನಿ ತಗ್ಗಿತ್ತು.
ಮೊದಲ ದಿನ ನಾನೂ ಹಾಗೆಯೇ ಹೇಳುವುದು.

ಸಂಜೆಗೆ ಮುಗಿಯಿತು. ಡಬ್ಬದ ಹೊಟ್ಟೆಗೆ ಬಿಳಿ ಬಣ್ಣದಲ್ಲಿ
ತಾರೀಕು, ಕಿಲೋಮೀಟರು ಬರೆದ.
ಅಕ್ಷರ ಮಲಯಾಳ, ಅಂಕಿ ಎಲ್ಲರದು.
ಇಂಜಿನು ಹಾಕಿ, ಬ್ರೇಕು ಒತ್ತಿಹಿಡಿದು,
ಪಿ ಆರ್ ಎನ್ ಡಿ, ಒಂದೊಂದರಲ್ಲೂ ಮೂರು ಉಸಿರು ನಿಲ್ಲಿಸಿದ.
ನಾನು ಊರುಗೋಲು ಒರಗಿಸಿ ಬಗ್ಗಿ
ರಬ್ಬರು ಕೊಳವೆಯ ಮೇಲೆ ಎರಡು ಬೆರಳಿಟ್ಟೆ,
ತೋಳಿನ ಮೇಲೆ ಇಡುವ ಹಾಗೆ.
ಬೆಚ್ಚಗೆ, ಬೆಕ್ಕು ಗುರುಗುಟ್ಟಿದ ಹಾಗೆ.
ಎಂತ ಹುಡುಕುತ್ತೀರಿ ಸಿಸ್ಟರ್?
ಉಂಟು, ಎಂದೆ.

ಸೋರುತ್ತದಾ ನೋಡಲು ರಾತ್ರಿ ಅಡಿಗೆ
ಪೇಪರು ಹಾಸಿಡಿ ಎಂದಿದ್ದ.
ನಾಲ್ಕಕ್ಕೆ ಟಾರ್ಚು ಹಿಡಿದು ನೋಡಿದರೆ
ಕೈಗೆ ಸಿಕ್ಕಿದ್ದು ಎಂದು ಹಾಸಿದ್ದು ನಿಧನ ವಾರ್ತೆಯ ಪುಟ.
ಸಾಲಾಗಿ ಪುಟ್ಟ ಪುಟ್ಟ ಫೋಟೋಗಳು.
ಯಾರ ಮುಖದ ಮೇಲೂ ಹನಿ ಬಿದ್ದಿರಲಿಲ್ಲ.